ಎಡಕ್ಕೆ ಒಂದು ನೋಟ

ಹನ್ನೊಂದು ಕಂತು. ಹನ್ನೆರಡನೆಯದು ಬರಲೇ ಇಲ್ಲ.
ಆ ವರ್ಷ ದೇಶ ಹೊಸದು, ನೋಟು ಹೊಸದು,
ಟೀವಿಯವರ ಖಜಾನೆ ಮಾತ್ರ ಹಳೆಯದೇ, ಖಾಲಿ.
ಹೀಗಾಗಿ ನಮ್ಮ ಹೀಯುಮಾ ದ್ವೀಪದಲ್ಲಿ
ದೀಪಸ್ತಂಭದ ಬುಡಕ್ಕೆ ಸತ್ತುಬಿದ್ದ ಭೂಮಾಪಕನನ್ನು
ಕೊಂದವರು ಯಾರೆಂದು
ಮೂವತ್ತು ವರ್ಷ ಯಾರಿಗೂ ತಿಳಿಯಲಿಲ್ಲ.

ನಾನು ಹೆಲ್ವೆ. ಹಡಗುಕಟ್ಟೆಯಲ್ಲಿ ಟಿಕೆಟು ಹರಿಯುವವಳು.
ಚಳಿಗಾಲಕ್ಕೆ ಎರಡು ಹಡಗಿನ ನಡುವೆ
ಮೂರು ತಾಸು ಬರೀ ಕಿಟಕಿ.
ಟೇಪುಗಳು ಚಿಕ್ಕಮ್ಮನ ಅಟ್ಟದಲ್ಲಿದ್ದವು.
ಮೂರನೆಯದರ ಮೇಲೆ ಯಾರದೋ ಮದುವೆ ಅರ್ಧ ಕೂತಿತ್ತು:
ಪತ್ತೇದಾರ ಗಂಭೀರವಾಗಿ ಬಾಗಿಲು ತಟ್ಟುತ್ತಾನೆ,
ತೆರೆದರೆ ಒಳಗೆ ಎಲ್ಲರೂ ಕುಣಿಯುತ್ತಿದ್ದಾರೆ.

ಹನ್ನೊಂದು ಗಂಟೆಯನ್ನು ಎರಡಕ್ಕೆ ಇಳಿಸಬೇಕು.
ಮೊದಲು ಹೋದದ್ದು ಮಂಜು, ಅಲೆ, ಮತ್ತೆ ಮಂಜು.
ಆಮೇಲೆ ಪತ್ತೇದಾರನ ವಿಚ್ಛೇದನ, ಅವನ ಕೆಮ್ಮು,
ನಗಿಸಲೆಂದು ಇಟ್ಟ ಅಂಚೆಯವ,
ಅಂಚೆಯವನ ನಾಯಿ.
ನಾಯಿಯ ಹತ್ತಿರ ಕೈ ತುಸು ತಡೆಯಿತು.
ಕಾಳಿನಿಂದ ಕಲ್ಲು ಆರಿಸುತ್ತಿದ್ದೇನೆ ಅಂದುಕೊಂಡೆ;
ಯಾವುದು ಕಾಳು ಎಂದು ಹೇಳಬೇಕಾದವರು
ಹೇಳದೆಯೇ ಎದ್ದುಹೋಗಿದ್ದರು.

ಒಂದು ರಾತ್ರಿ, ಬೇಕೆಂದೇ ಅಲ್ಲ,
ಏಳನೆಯ ಕಂತಿನ ಒಂದು ನೋಟ
ಒಂಬತ್ತರ ಬಾಗಿಲ ಪಕ್ಕ ಬಂದು ಕೂತಿತು.
ಬಾಗಿಲು ಮುಚ್ಚುತ್ತದೆ.
ಬೇಕರಿಯವನು ಎಡಕ್ಕೆ ನೋಡುತ್ತಾನೆ.
ಇಪ್ಪತ್ತೆರಡು ಫ್ರೇಮು, ಒಂದು ಸೆಕೆಂಡೂ ಪೂರಾ ಇಲ್ಲ.
"ಓ, ನೀನಾ!" ಎಂದೆ ಜೋರಾಗಿ,
ಖಾಲಿ ಟಿಕೆಟ್ ಕೋಣೆಯಲ್ಲಿ.

ಅಲ್ಲಿಂದ ಮುಂದೆ ಎಲ್ಲ ಸಲೀಸು.
ಅವನು ಅಂಗೈಯ ಹಿಟ್ಟು ಕೊಡವಿದರೆ ಸಾಕ್ಷಿ ಅಳಿಸಿದ ಹಾಗೆ,
ಮಗುವಿಗೊಂದು ಬನ್ನು ಕೊಟ್ಟರೆ
ಬಾಯಿ ಮುಚ್ಚಿಸಿದ ಹಾಗೆ.
ನಕ್ಕದ್ದನ್ನು ಕಿತ್ತೆ. ಅತ್ತದ್ದನ್ನು ಇಟ್ಟೆ.
ಅತ್ತದ್ದು ಈರುಳ್ಳಿಗೆ ಎಂಬುದು ಕಾಣದಷ್ಟು ಹತ್ತಿರ ತಂದೆ.

ಮಾರ್ಚಿಯಲ್ಲಿ, ಶಾಲೆಯ ವ್ಯಾಯಾಮದ ಕೋಣೆಯಲ್ಲಿ,
ಬಾಸ್ಕೆಟ್‌ಬಾಲ್ ಕಂಬಕ್ಕೆ ಹಾಸಿಗೆಬಟ್ಟೆ ಕಟ್ಟಿ ತೋರಿಸಿದೆವು.
ಅರವತ್ತು ಜನ. ಫ್ಲಾಸ್ಕಿನಲ್ಲಿ ಕಾಫಿ.
ಕೊನೆಯ ಹತ್ತು ನಿಮಿಷ ಇರುವಾಗ
ಅಂಗಡಿ ಮುಚ್ಚಿ ಬಂದು ಬಾಗಿಲಲ್ಲೇ ನಿಂತವನು ಕಾಲ್ಯೋ:
ಆಗ ಬೇಕರಿಯವನ ವೇಷ ಹಾಕಿದವ,
ಈಗ ಬಂದರಿನಲ್ಲಿ ಹೊಗೆ ಕೊಟ್ಟ ಮೀನು ಮಾರುವವ.

ಬಾಗಿಲು ಮುಚ್ಚಿತು. ನೋಟ ಎಡಕ್ಕೆ ಹೊರಳಿತು.
ಅರವತ್ತು ಕತ್ತು ಹಿಂದಕ್ಕೆ ಹೊರಳಿದವು.
ಅದೇ ಗಳಿಗೆಗೆ ಅವನು ಹೆಗಲು ಕೊಡವಿಕೊಂಡ.
ಹಿಮ. ಹಿಮವೇ, ದೇವರಾಣೆ.
ಕೂತವರಿಗೆಲ್ಲ ಕಂಡದ್ದು ಮಾತ್ರ
ಕುಂಬಳಕಾಯಿಯ ಬೂದಿ.

ಆಮೇಲೆ ಕುರ್ಚಿ ಮಡಚುವಾಗ ಹತ್ತಿರ ಬಂದ.
"ಎಡಕ್ಕೆ ನೋಡಿದೆನಲ್ಲ, ಹೆಲ್ವೆ,
ಅಲ್ಲಿ ಊಟದ ಗಾಡಿ ಬಂದಿತ್ತು. ಬಟಾಣಿ ಸಾರು."
ನಕ್ಕ. ಆಮೇಲೆ ನಗಲಿಲ್ಲ.
"ಕೊಂದವ ನಾನಾ ಎಂದು ಆಗಲೇ ಕೇಳಿದ್ದೆ.
ಇನ್ನೂ ಬರೆದಿಲ್ಲ ಮಾರಾಯ, ಅಂದರು ನಿರ್ದೇಶಕರು,
ಎರಡಕ್ಕೂ ಆಗುವ ಹಾಗೆ ಮುಖ ಇಟ್ಟುಕೋ.
ಅವತ್ತಿನಿಂದ
ಇಟ್ಟುಕೊಂಡೇ ಇದ್ದೇನೆ."

ಶನಿವಾರ ಮೀನಿಗೆ ಹೋದೆ.
ಮುಂದಿದ್ದ ಹುಡುಗರು ಅವನ ಚೂರಿಯನ್ನೇ ನೋಡುತ್ತಿದ್ದರು,
ಒಬ್ಬ ಇನ್ನೊಬ್ಬನ ಪಕ್ಕೆಗೆ ತಿವಿದ.
ಕಾಲ್ಯೋ ಹಳೆ ಪೇಪರಿನಲ್ಲಿ ಮೀನು ಸುತ್ತಿದ, ದಾರ ಕೊಯ್ದ,
ತಲೆ ಎತ್ತದೆ ಕೇಳಿದ:
"ಉಳಿದ ಒಂಬತ್ತು ಗಂಟೆ ಏನು ಮಾಡಿದೆ?"
ಇದೆ, ಅಂದೆ. ಬಿಸಾಕಿಲ್ಲ.
"ನಾಯಿಯೂ?"
ನಾಯಿಯೂ.

ಅವನು ತಕ್ಕಡಿಗೆ
ಇನ್ನೊಂದು ಮೀನು ಹಾಕಿದ.