ಎಡಗೈ ಹೆಬ್ಬೆರಳು

ಮಷೀನು ಮೂರು ಸಲ ಕೆಂಪಗಾಯ್ತು.
ಒತ್ರಿ, ಅಂದ ಹುಡುಗ. ಒತ್ತಿದೆ.
ಒರೆಸಿ ಒತ್ರಿ, ಅಂದ. ಸೆರಗಿಗೆ ಒರೆಸಿ ಒತ್ತಿದೆ.
ಗೆರಿ ಮೂಡವಲ್ಲವು ಅಮ್ಮಾ,
ನಿಮ್ಮ ಬೆರಳಾಗ ಗೆರಿನೇ ಇಲ್ಲ.

ಇಪ್ಪತ್ತೆರಡು ವರ್ಷ ಜೀನ್ಸ್ ಬಟ್ಟೆ ದಬ್ಬಿದ ಬೆರಳು ತಮ್ಮಾ,
ಕೌಲ್ ಬಜಾರಿನ ಓಣಿಯಾಗ, ತಗಡಿನ ಕೆಳಗ,
ಪೀಸಿಗಿಷ್ಟು ಅಂತ.
ಗೆರಿಯೆಲ್ಲ ಯಾವ ಯಾವ ಊರಿಗೆ ಹೋದವೋ,
ಯಾರ ಸೊಂಟದ ಮ್ಯಾಲ ಕುಂತಾವೋ.

ನಮ್ಮಮ್ಮ ಹೆಬ್ಬೆಟ್ಟು ಒತ್ತಿ ಸೀಮೆಎಣ್ಣೆ ತಂದಾಕಿ.
ನೀನಾರ ಸಹಿ ಕಲಿ ಜೈತುನ್ ಅಂತ
ರಾತ್ರಿ ಶಾಲೆಗೆ ನೂಕಿದಳು.
ಕಲಿತೆ. ಒಂದು ‘ಜೈ’ ನೆಟ್ಟಗೆ ನಿಲ್ಲಿಸಲಿಕ್ಕೆ ಒಂದು ತಿಂಗಳು.
ಇವತ್ತು ಸಮುದ್ರದಾಚೆ ಕಂಪನಿ ಮಾಡತೀನಂದ್ರ
ಸಹಿ ಸಾಲದಂತ,
ಹೆಬ್ಬೆಟ್ಟು ತಾ ಅಂತಾರ.

ಮೊಂಬಾಸಾ.
ಬೊಂಬಾಯಿ ಬಾಜೂಕ ಏನಕ್ಕಾ? ಅಂತ ಕೇಳಿದ್ದ
ವಾಷಿಂಗ್ ಯೂನಿಟ್ಟಿನ ಗಾದಿಲಿಂಗ.
ಬೊಂಬಾಯಿಯಿಂದ ನೀರಿನ ಮ್ಯಾಲ
ನಡಕೊಂತ ಹೋದ್ರ ಸಿಗತೈತಿ ಅಂದೆ.
ಮೊಣಕೈತನಕ ನೀಲಿಯಾದ ಅವ
ಪ್ಯಾಂಟು ಹಿಂಡೋದು ಬಿಟ್ಟು ನಕ್ಕ.

ಶುರುವಾಗಿದ್ದು ಸಿಟ್ಟಿನಿಂದ.
ನಾ ಹೊಲಿದದ್ದಕ್ಕೆಲ್ಲ ಯಾರದೋ ಹೆಸರಿನ ಲೇಬಲ್ಲು.
ಒಂದಿನ ಒಂದು ಕಿಸೆಯಾಗ ಚೀಟಿ ತುರುಕಿದೆ:
ಹೊಲಿದಾಕಿ ಜೈತುನ್‌ಬಿ. ಅದರ ಕೆಳಗ ಫೋನ್ ನಂಬರು.
ಎಂಟು ತಿಂಗಳಿಗೆ ಗಂಟೆ ಬಾರಿಸಿತು.

ಆಕಿ ಮ್ವಾನಾಯಿಷಾ. ಆಕಿದೂ ಹೊಲಿಗಿ.
ನನಗ ಆಕಿ ಮಾತು ತಿಳಿಯಂಗಿಲ್ಲ, ಆಕಿಗೆ ನನ್ನದು.
ಮಗಳ ಇಂಗ್ಲಿಷು ಇಬ್ಬರ ನಡುವ
ಕುಂಟಿಕೊಂತ ಓಡಾಡಿತು.
ಆಮ್ಯಾಲ ಆಕಿ ಅಂಗಡಿಗೆ ದುಕಾ ಅಂದಳು,
ಬಣ್ಣಕ್ಕ ರಂಗಿ,
ಲೆಕ್ಕಕ್ಕ ಹೆಸಾಬು, ರೊಕ್ಕಕ್ಕ ಪೇಸಾ.
ಏಳವಾ, ನೀ ಹೋಗಿ ಓದಿಕೋ, ಅಂದೆ ಮಗಳಿಗೆ.

ಕಾಗದ ಬಂದವು.
ಕಂಪನಿಯ ಉದ್ದೇಶವೇನು?
ಕೂಲಿ ಎಷ್ಟಂತ ಹೇಳೋರು ನಾವೇ ಆಗೋದು, ಅಂತ ಬರೀರಿ.
ಆಡಿಟರ್ ಪಂಪನಗೌಡರು ಕನ್ನಡಕ ತೆಗೆದರು.
ಅದು ಈ ಕಾಲಮ್ಮಿನಾಗ ಬರಂಗಿಲ್ಲಮ್ಮ.
ಯಾವ ಕಾಲಮ್ಮಿನಾಗ ಬರತೈತಿ?
ಅವರು ಹಾಳಿ ಎಲ್ಲಾ ತಿರುವಿ ನೋಡಿದರು, ಪಾಪ.

ಹೆಸರು ಎರಡು ಸಲ ತಿರುಗಿ ಬಂತು,
ಅದು ಮೊದಲೇ ಯಾರದೋ ಆಗೈತಂತ.
ಮೂರನೇದು ನೀಲಿ.
ಅಲ್ಲೂ ಬಟ್ಟೆ ನೀಲಿಗೆ ನಿಲಿ ಅಂತಾರಂತ,
ಒಂದು ದೀರ್ಘ ಕಡಿಮಿ, ಅಷ್ಟ.

ಹೆದರಿಕಿ ಇಲ್ಲಂತಲ್ಲ.
ಓಣಿಯ ಹನ್ನೊಂದು ಹೆಂಗಸರ ಚೀಟಿ ರೊಕ್ಕ ಇದರಾಗೈತಿ.
ರಾತ್ರಿ ಗುಡ್ಡದ ಬಂಡೆ ಹಗಲ ಬಿಸಿಲು ಕಾರತೈತಿ,
ಮಾಳಿಗಿ ಮ್ಯಾಲ ಮಲಗಿ ಅವರ ಹೆಸರು ಎಣಸತೀನಿ,
ಹುಲಿಗೆಮ್ಮ, ಮಲನ್‌ಬಿ, ಸುಂಕಮ್ಮ...
ಏಳಕ್ಕ ನಿಂತು ಮತ್ತ ಒಂದರಿಂದ.
ಅಲ್ಲಿ ಎರಡೂವರೆ ತಾಸು ಹಿಂದ.
ನನಗ ನಿದ್ದಿ ಬರದ ಹೊತ್ತಿಗೆ
ಆಕಿ ಇನ್ನೂ ಶಟರ್ ಎಳೀತಿರತಾಳ.
ಹದಿನಾಲ್ಕು ಹಳೇ ಮಷೀನಿಗೆ ಜಾಗ ಅಳೆದು
ಗ್ವಾಡಿಗೆ ಸೀಮೆಸುಣ್ಣದಾಗ ಗೆರಿ ಎಳೆದಾಳಂತ,
ಫೋಟೋ ಕಳಿಸಿದಳು.

ಎಡಗೈ ಕೊಡ್ರಿ, ಅಂದ ಹುಡುಗ ಕಡೀಗೆ.
ಎಡಗೈ ಬಟ್ಟೆ ಮ್ಯಾಲ ಚಾಚಿದಾಗ
ಹೆಬ್ಬೆರಳು ಹಿಂದ ಮಡಚಿಕೊಂಡಿರತೈತಿ,
ಕೆಲಸಗಳ್ಳ.
ಮಷೀನು ಹಸಿರಾಯ್ತು.
ಅದರ ಮಾರಿ ಅವತ್ತ ಸರಿಯಾಗಿ ನೋಡಿದೆ ನಾನು,
ನಮ್ಮಮ್ಮನ ಹೆಬ್ಬೆರಳಂಗ ಸೊಟ್ಟ.

ಅಲ್ಲಿಂದ ಸೀದಾ ಲೇಬಲ್ ನೇಯೋನ ಹತ್ತಿರ.
ಸಾವಿರಕ್ಕ ಕಡಿಮಿ ಇಲ್ಲ, ಏನು ಬರಿಲಿ? ಅಂದ.
ನೀಲಿ ಅಂತ ಬರಿ.
ಕೆಳಗ?
ಕೆಳಗ ಹೊಲಿದಾಕಿ ಹೆಸರಿಗೆ ಜಾಗ ಬಿಡು.
ಖಾಲಿ ಜಾಗಕ್ಕೂ ದಾರ ಹಿಡೀತೈತಕ್ಕಾ,
ಅದರ ರೊಕ್ಕ ಕೊಡಬೇಕು.
ಕೊಡತೀನಿ, ಅಂದೆ.
ಪೂರ್ತಿ ಅಲ್ಲ. ಅರ್ಧ.