ಸುಡುತಣ್ಣಿ

ಮೊದಲು ಎರಡು ಹೋಸು ಮುಟ್ಟಿ ನೋಡಬೇಕು.
ಎಂಜಿನ್ ಕಾದ ಮೇಲೆ, ಬಾನೆಟ್ ಎತ್ತಿ,
ಹಿಂದಿನ ತಗಡು ತೂರಿ ಒಳಹೋಗುವ ಜೋಡಿಯನ್ನು,
ನಾಟಿ ವೈದ್ಯ ಎರಡೂ ಕೈಯ ನಾಡಿ ಹಿಡಿಯುವ ಹಾಗೆ.
ಒಂದು ಸುಟ್ಟಿತು. ಇನ್ನೊಂದು ಹಾವಿನ ಮೈ.
ಹೋದದ್ದು ಹೋಗಿದೆ, ವಾಪಸು ಬಂದಿಲ್ಲ.

‘ಬಿಸಿಗಾಳಿ ನನಗೇನೂ ಬೇಡ ಕಣಪ್ಪ,
ಗಾಜಿಗೆ ಬೇಕು’ ಅಂದಳು ಲಗುಮಕ್ಕ.
ತೊಂಬತ್ತೆಂಟರ ಸುಮೋ, ಹಿಂದಿನ ಸೀಟೆಲ್ಲ ಕಿತ್ತದ್ದು.
ರಾತ್ರಿ ಮೂರಕ್ಕೆ ಜವಳಗಿರಿ ಬಿಟ್ಟು ತಳಿ ದಾಟಿ
ಹೊಸೂರು ಮಾರ್ಕೆಟ್ಟಿಗೆ ಗುಲಾಬಿ, ಸೇವಂತಿಗೆ,
ಸಂದಿಯಲ್ಲಿ ತುರುಕಿದ ಪುದೀನ ಕಟ್ಟು.
ಮಾಗಿ ಚಳಿಗೆ ಕಿಟಕಿಯೆಲ್ಲ ಬಿಗಿ.
ಹೂ ಉಸಿರಾಡುತ್ತದೆ, ಅವಳೂ ಉಸಿರಾಡುತ್ತಾಳೆ,
ಗಾಜು ಒಳಗಿನಿಂದ ಬೆಳ್ಳಗಾಗುತ್ತದೆ.
ಒಂದು ಕೈಲಿ ಸ್ಟೀರಿಂಗು, ಒಂದು ಕೈಲಿ ಸೆರಗು.
ಬೀಡಿ ಬಿಚ್ಚಿ ಹೊಗೆಸೊಪ್ಪು ಉಜ್ಜಿದ್ದಾಯಿತು,
ಆಲೂಗೆಡ್ಡೆ ಹೋಳು ಉಜ್ಜಿದ್ದಾಯಿತು.
ಮೊನ್ನೆ, ಒರೆಸಿಕೊಂಡ ಅಂಗೈಯಗಲದ ಕಿಂಡಿಯಲ್ಲಿ
ಕಾಲುಗುರು ಕಂಡಿತಂತೆ, ಆನೆಯದು.
ಬ್ರೇಕು ಹಿಡಿಯಿತು. ಅಷ್ಟೇ ಹೇಳಿದಳು.
ಆನೆಯ ವಿಷಯ ನಾನು ಕೇಳಲಿಲ್ಲ,
ಬ್ರೇಕಿನ ವಿಷಯ ಕೇಳಿದೆ.

ಹೀಟರ್ ಕೋರ್ ಅಂದರೆ ರೇಡಿಯೇಟರಿನ ಕೂಸು,
ಊಟದ ಡಬ್ಬಿಯಷ್ಟು. ಡ್ಯಾಶ್‌ಬೋರ್ಡಿನ ಹೊಟ್ಟೆಯಲ್ಲಿ
ಯಾರ ಕಣ್ಣಿಗೂ ಬೀಳದೆ ಕೂತಿರುತ್ತದೆ.
ಬಿಚ್ಚಬೇಕೆಂದರೆ ಇಡೀ ದಿನ, ಮೂವತ್ತು ಸ್ಕ್ರೂ;
ಜೋಡಿಸಿದ ಮೇಲೆ ನಾಲ್ಕು ಮಿಗುತ್ತವೆ.
ನಾನು ಬಿಚ್ಚುವುದಿಲ್ಲ. ಹೋಸು ಕಳಚಿ
ನೀರು ಹೊರಬರುವ ಬಾಯಿಂದ ನೀರು ಬಿಡುತ್ತೇನೆ.
ಕಟ್ಟಿಕೊಂಡದ್ದು ಬಂದ ದಾರೀಲೇ ಹೋಗಲಿ.
ಮೆಲ್ಲಗೆ ಮಾತ್ರ. ಮುದಿ ಲೋಹದ ಹತ್ತಿರ
ಹಟ ನಡೆಯುವುದಿಲ್ಲ, ಸೀಳಿಬಿಡುತ್ತದೆ.

‘ತಣ್ಣಿ ವಿಡವಾ ಅಣ್ಣಾ?’ ನಲ್ಲಿಯ ಹತ್ತಿರ ಕದಿರವನ್.
ಅವನಿಗೆ ನೀರೆಲ್ಲ ತಣ್ಣಿಯೇ,
ಒಲೆ ಮೇಲೆ ಕುದಿಯುವುದೂ ಸುಡುತಣ್ಣಿ.
ಸುಡುವ ತಣ್ಣೀರೇನೋ, ಅಂತ
ಅವನು ಕೆಲಸಕ್ಕೆ ಸೇರಿದಾಗಿಂದ ರೇಗಿಸಿದ್ದೇನೆ.
ಈವತ್ತು ಒಂದು ಕೈಲಿ ಆ ಹೋಸು, ಒಂದು ಕೈಲಿ ಈ ಹೋಸು
ಹಿಡಿದು ನಿಂತಾಗ ಹುಡುಗನ ಮಾತೇ ಸರಿ ಅನ್ನಿಸಿತು.

ಮೊದಲು ಏನೂ ಬರಲಿಲ್ಲ.
ಆಮೇಲೊಂದು ಕೆಮ್ಮು.
ಬಕೆಟ್ಟಿಗೆ ಬಿತ್ತು ಇಟ್ಟಿಗೆ ಬಣ್ಣದ ರಾಡಿ,
ಮಳೆಹುಳದ ರೆಕ್ಕೆಯಂಥ ತುಕ್ಕಿನ ಚಕ್ಕೆ,
ಮತ್ತೆ ಉಂಡೆಯುಂಡೆಯಾಗಿ ಏನೋ ಕಂದು ಅಂಟು.
ಬೆರಳಲ್ಲಿ ತಿಕ್ಕಿದೆ. ಮೂಸಿದೆ.
ರಾಗಿ.

ಹನ್ನೆರಡು ವರ್ಷದ ಹಿಂದೆ, ಅಂಚೆಟ್ಟಿ ಘಾಟಿಯಲ್ಲಿ,
ರೇಡಿಯೇಟರ್ ತೂತಾಗಿ ಆವಿ ಉಗುಳುತ್ತಿದ್ದ ಬಿಳಿ ಸುಮೋ.
ಒಳಗೆ ಬಾಸಿಂಗ ಕಟ್ಟಿಕೊಂಡ ಗಂಡು, ಬೆವರುವ ಸೋದರಮಾವ,
ಮುಹೂರ್ತಕ್ಕೆ ಮುಕ್ಕಾಲು ಗಂಟೆ.
ಪಕ್ಕದ ಗುಡಿಸಲಲ್ಲಿ ಎರಡು ಹಿಡಿ ಹಿಟ್ಟು ಕೇಳಿ ತಂದು
ಸುರಿದವನು ನಾನೇ. ತೂತು ಕಟ್ಟಿತು, ಗಾಡಿ ಹೋಯಿತು.
‘ಕೆಳಗಿಳಿದ ಮೇಲೆ ತೊಳೆಸಿ’ ಅಂದಿದ್ದೆನೋ ಇಲ್ಲವೋ.
ಅರಿಶಿನ ಮೆತ್ತಿದ ನೂರರ ನೋಟು ಮಾತ್ರ ನೆನಪಿದೆ.

ಇದೇ ಗಾಡಿ ಅಂತ ಆಣೆ ಇಡಲಾರೆ.
ಇದರ ಬಣ್ಣ ಈಗ ನೀಲಿ, ಕೈಬದಲಾಗಿದೆ ಎಷ್ಟೋ ಸಲ;
ರಾಗಿ ಸುರಿದವನು ಈ ಸೀಮೆಗೆ ನಾನೊಬ್ಬನೇ ಅಲ್ಲ.
‘ಯಾವನೋ ಹಿಟ್ಟು ಹಾಕಿದ್ದಾನಕ್ಕ’ ಅಂದೆ.
‘ಏನೋ ಅವನ ಕೈಲಾದದ್ದು ಮಾಡವ್ನೆ, ಬಿಡು’
ಅಂದು ಎಲೆಯಡಿಕೆ ಬಿಚ್ಚಿದಳು.

ನಿಂಬೆ ಉಪ್ಪಿನ ಬಿಸಿನೀರು ತುಂಬಿ, ಬಾಯಿಗೆ ಬಟ್ಟೆ ತುರುಕಿ,
ಎರಡು ಟೀ ಆಗುವಷ್ಟು ಹೊತ್ತು ಬಿಟ್ಟೆ.
ಹಿತ್ತಾಳೆ ಚೊಂಬಿಗೆ ಹುಣಸೆ ಹೇಗೋ ಹಾಗೆ.
ಐದನೇ ಬಕೆಟ್ಟಿನ ತಳ ಕಂಡಿತು.

ಹೋಸು ಸಿಕ್ಕಿಸಿ ಎಂಜಿನ್ ಎಬ್ಬಿಸಿದೆವು.
ಎರಡನೆಯದು ಬೆಚ್ಚಗಾಯಿತು, ಕೈ ಹಿಂದೆಗೆದೆ.
ಹಾಡುಹಗಲು, ಬಿಸಿಲು; ಗಾಜಿಗೆ ಮಂಜೆಲ್ಲಿಂದ ತರುವುದು?
ಲಗುಮಕ್ಕ ಮುಂದಕ್ಕೆ ಬಾಗಿ
ಹಾ... ಎಂದು ಊದಿದಳು.
ಅವಳ ಮುಖ ಅಳಿಸಿಹೋಯಿತು.
ಆಮೇಲೆ ಕೆಳಗಿನ ಅಂಚಿನಿಂದ, ನಿಧಾನಕ್ಕೆ,
ಗದ್ದ, ಮೂಗುತಿ, ಕಣ್ಣು.

ಲೆಕ್ಕದಲ್ಲಿ ನೂರು ಬಿಟ್ಟೆ.
ಯಾಕೆ ಅಂದಳು.
ಬ್ರೇಕಿಗೊಂದು ಹೊಸ ಪ್ಯಾಡು ಹಾಕಿಸಿಕೋ ಅಂದೆ.