ಕಾಲಂ ಏಳು

ನಮೂನೆ ಬಂದಿದೆ ಮಡಿಕೇರಿಯಿಂದ,
ಪೇಟೆಯ ಪರಿಚಯ ತುಂಬಿ ಕಳಿಸಬೇಕಂತೆ
ಸೋಮವಾರದೊಳಗೆ.

ಹೆಸರು ಬರೆದೆ. ಜನಸಂಖ್ಯೆ ಬರೆದೆ, ಹಳೆಯದೇ.
ಮುಖ್ಯ ಬೆಳೆ: ಭತ್ತ, ಶುಂಠಿ, ಹಸಿಮೆಣಸು.
ಕಾಫಿ ಇರುವುದು ದಿಬ್ಬದ ಮೇಲಿನವರಿಗೆ.

ಏಳನೇ ಕಾಲಂ, ಕೆರೆಯ ವಿಸ್ತೀರ್ಣ.
ಪೆನ್ನು ನಿಂತಿತು.

ಕಕ್ಕಡದಲ್ಲಿ ಅದು ಬಸ್‌ಸ್ಟ್ಯಾಂಡಿನ ಮೂರನೇ ಮೆಟ್ಟಿಲವರೆಗೆ;
ಮೊಯ್ದುವಿನ ಗೊಬ್ಬರದ ಮೂಟೆಗಳು ಅಟ್ಟ ಹತ್ತುತ್ತವೆ.
ಹುತ್ತರಿ ಕಳೆದು ಶುಂಠಿ ತೊಳೆಯುವಾಗ ಅರ್ಧ ಕೆರೆ,
ಕೆಮ್ಮಣ್ಣಿನ ಬಣ್ಣ,
ಬಿಂದಿಗೆ ಅದ್ದಿದರೆ ಕಷಾಯದ ವಾಸನೆ.
ಏಪ್ರಿಲಿನಲ್ಲಿ
ಚೋಂದಮ್ಮ ಅದರ ಹೊಟ್ಟೆಯಲ್ಲೇ ಸೌತೆಬಳ್ಳಿ ಹಬ್ಬಿಸಿ
ಕಾವಲಿಗೆ ಮಂಚ ಹಾಕುತ್ತಾಳೆ.
ಕಂದಾಯದವರು ಹೋದರೆ,
"ನೀರಿನ ಜಾಗ ಸ್ವಾಮಿ, ನೀರನ್ನೇ ಕೇಳಿ."

ಕೊನೆಗೆ ತೂಬಿನ ಬೆಳ್ಯಪ್ಪನನ್ನು ಕೇಳಿದೆ.
ನಲವತ್ತು ವರ್ಷ ಅದರ ಕೀಲಿ ಸೊಂಟದಲ್ಲಿಟ್ಟವನು.
ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿ, ಏರಿಯ ತುದಿಗೆ ನಡೆದು
ಒಮ್ಮೆ ಕೂಗಿದ.
ಆಚೆ ದಡದಲ್ಲಿ ನಾಟಿಯ ಹೆಣ್ಣೊಬ್ಬಳು ಸೊಂಟ ನೆಟ್ಟಗೆ ಮಾಡಿ
ಓಗೊಟ್ಟಳು.
"ಇಷ್ಟು," ಅಂದ. "ಬರಕೊಳ್ಳಿ."

ಬರೆದೆ: ಒಂದು ಕೂಗಳತೆ.
ಮೊಹರು ಒತ್ತಿದೆ.
ಷರಾ ಅನ್ನುವ ಕಡೆ, ಸಣ್ಣ ಅಕ್ಷರದಲ್ಲಿ:
ಮಳೆಗಾಲದಲ್ಲಿ ಗಟ್ಟಿಯಾಗಿ ಕೂಗಬೇಕು.